ಅಮೆರಿಕದ ಕಾಲೇಜಿನ ರೈಟಿಂಗ್ ಕೋರ್ಸ್: ಹೆಸರು ನೋಡಿ ಅಲ್ಲ, ಸಿಲಬಸ್ ನೋಡಿ ಆರಿಸಿ

ಪ್ರತಿ ಜುಲೈನಲ್ಲಿ ನನಗೆ ಎರಡು ಮೂರು ಫೋನ್ ಬಂದೇ ಬರುತ್ತವೆ. ನೆಂಟರ ಪೈಕಿ ಯಾರದ್ದೋ ಮಗ, ಹಳೇ ಬೀದಿಯ ಯಾರದ್ದೋ ಮಗಳು ಪಿಯುಸಿ ಮುಗಿಸಿ ಅಮೆರಿಕಕ್ಕೆ ಡಿಗ್ರಿ ಓದಲು ಹೊರಟಿರುತ್ತಾರೆ. ವೀಸಾ ಆಗಿದೆ, ಟಿಕೆಟ್ ಆಗಿದೆ, ಚಟ್ನಿಪುಡಿ ಪ್ಯಾಕ್ ಆಗುತ್ತಿದೆ. ಅಷ್ಟರಲ್ಲಿ ಕೋರ್ಸ್ ರಿಜಿಸ್ಟ್ರೇಷನ್ ಮಾಡಿ ಅಂತ ಕಾಲೇಜಿನಿಂದ ಮೇಲ್ ಬರುತ್ತದೆ. ಹೋದ ವರ್ಷ ನಮ್ಮ ಚಿಕ್ಕಮ್ಮನ ಮಗ ಫೋನ್ ಮಾಡಿ ಕೇಳಿದ: "ಅಕ್ಕ, ನಾನು ಸೇರಿರೋದು ಕಂಪ್ಯೂಟರ್ ಸೈನ್ಸ್‌ಗೆ. ಇಂಗ್ಲಿಷಲ್ಲಿ ಪ್ರಬಂಧ ಬರೆಯೋ ಕೋರ್ಸ್ ಯಾಕೆ ತಗೋಬೇಕು? ಅದರಲ್ಲೂ ನಾಲ್ಕು ಥರ ಇದೆ. ಯಾವುದು ಈಸಿ?"

'ಯಾಕೆ' ಅನ್ನುವುದಕ್ಕೆ ಉತ್ತರ ಚಿಕ್ಕದು. ಅಲ್ಲಿ ಡಿಗ್ರಿ ಅಂದರೆ ಬರೀ ನಿಮ್ಮ ಮುಖ್ಯ ವಿಷಯ ಅಲ್ಲ. ಇಂಜಿನಿಯರಿಂಗ್ ಓದುವವರೂ ಸ್ವಲ್ಪ ಚರಿತ್ರೆ, ಸ್ವಲ್ಪ ಸಮಾಜ ವಿಜ್ಞಾನ, ಸ್ವಲ್ಪ ಬರವಣಿಗೆ ಕಲಿತಿರಬೇಕು. ಇದಕ್ಕೆ ಜನರಲ್ ಎಜುಕೇಷನ್ ಅಂತ ಹೆಸರು, ಹುಡುಗರ ಬಾಯಲ್ಲಿ 'ಜೆನ್ ಎಡ್'. ಬರವಣಿಗೆಯ ಕೋರ್ಸನ್ನು ಮೊದಲ ವರ್ಷದವರಿಗೆ ಕಡ್ಡಾಯ ಮಾಡುವ ಪದ್ಧತಿ ಹಾರ್ವರ್ಡ್‌ನಲ್ಲಿ 1880ರ ದಶಕದಲ್ಲೇ ಶುರುವಾಗಿತ್ತು. ಹಾಗಾಗಿ ಇದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿ ಸಮಯ ಹಾಳು ಮಾಡಬೇಡಿ.

'ಯಾವುದು ಈಸಿ' ಅನ್ನುವುದಕ್ಕೆ ಮಾತ್ರ ಉತ್ತರ ಉದ್ದ. ಓದುವಾಗ ನಾನು ಮೂರು ವರ್ಷ ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ಬರಹಕ್ಕೆ ನೆರವು ಕೊಡುವ ಕಡೆ, ಟ್ಯೂಟರ್ ಆಗಿದ್ದೆ. ಮೇಜಿನ ಆ ಕಡೆ ಕೂತು ಅಳುವವರನ್ನೂ ನೋಡಿದ್ದೇನೆ, ಆರಾಮಾಗಿ ದಾಟಿದವರನ್ನೂ ನೋಡಿದ್ದೇನೆ. ಅವರ ನಡುವಿನ ವ್ಯತ್ಯಾಸ ಇಂಗ್ಲಿಷ್ ಎಷ್ಟು ಬರುತ್ತದೆ ಅನ್ನುವುದಕ್ಕಿಂತ ಯಾವ ಸೆಕ್ಷನ್‌ಗೆ, ಅಂದರೆ ಯಾವ ಮೇಷ್ಟ್ರ ತರಗತಿಗೆ ಸೇರಿದ್ದರು ಅನ್ನುವುದರಲ್ಲೇ ಜಾಸ್ತಿ ಇರುತ್ತಿತ್ತು.

ಮೊದಲು: ನಿಮ್ಮ ಕಾಲೇಜು ಏನು ಕೇಳುತ್ತಿದೆ ಅಂತ ತಿಳಿದುಕೊಳ್ಳಿ

ಒಂದೊಂದು ಕಾಲೇಜಿನ ಲೆಕ್ಕ ಒಂದೊಂದು ಥರ. ಸೀನಿಯರ್ ಹೇಳಿದ್ದು ಅವರ ಕಾಲೇಜಿಗೆ ಸರಿ ಇರಬಹುದು, ನಿಮ್ಮದಕ್ಕೆ ಅಲ್ಲ.

ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಇಡೀ ರಾಜ್ಯಕ್ಕೆ 42 ಕ್ರೆಡಿಟ್‌ನ ಒಂದು ಕೋರ್, ಅಂದರೆ ಎಲ್ಲರೂ ಓದಲೇಬೇಕಾದ ಕೋರ್ಸ್‌ಗಳ ಗುಂಪು ಇದೆ (ಕ್ರೆಡಿಟ್ ಅಂದರೆ ಕೋರ್ಸಿನ ತೂಕದ ಲೆಕ್ಕ). ಅದರಲ್ಲಿ 6 ಕ್ರೆಡಿಟ್ ಕಮ್ಯುನಿಕೇಷನ್‌ಗೆ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಸಿಯಾಟಲ್ ಕ್ಯಾಂಪಸ್‌ನಲ್ಲಿ 5 ಕ್ರೆಡಿಟ್ ಇಂಗ್ಲಿಷ್ ಕಾಂಪೋಸಿಷನ್, ಅಂದರೆ ಪ್ರಬಂಧ ಬರವಣಿಗೆ ಬೇಕು. ಅದರ ಮೇಲೆ ಬರವಣಿಗೆ ಜಾಸ್ತಿ ಇರುವ 'ಡಬ್ಲ್ಯೂ' ಗುರುತಿನ ಕೋರ್ಸ್‌ಗಳಲ್ಲಿ 10 ಕ್ರೆಡಿಟ್. ಇಲಿನಾಯ್‌ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್‌ನಲ್ಲಿ ಎರಡು ಮೆಟ್ಟಿಲು: ಮೊದಲು ಕಾಂಪೋಸಿಷನ್ ಒಂದು, ಆಮೇಲೆ ಅಡ್ವಾನ್ಸ್ಡ್ ಕಾಂಪೋಸಿಷನ್. ಎಮ್‌ಐಟಿಯಲ್ಲಿ ಬರೆಯುವುದಕ್ಕೂ ಮಾತಾಡುವುದಕ್ಕೂ ಒತ್ತು ಕೊಡುವ ನಾಲ್ಕು ಕೋರ್ಸ್ ಆಗಬೇಕು, ಅದರಲ್ಲಿ ಎರಡು ನಿಮ್ಮ ಮೇಜರ್‌ನಲ್ಲೇ, ಅಂದರೆ ಮುಖ್ಯ ವಿಷಯದಲ್ಲೇ.

ಫ್ಲೋರಿಡಾದ್ದು ಬೇರೆಯೇ ಕಥೆ. ಜ್ಯಾಕ್ ಗಾರ್ಡನ್ ಅನ್ನುವ ಸೆನೆಟರ್ 1980ರ ದಶಕದಲ್ಲಿ ಹಠ ಹಿಡಿದು ತಂದ ನಿಯಮವನ್ನು ಇವತ್ತಿಗೂ ಜನ 'ಗಾರ್ಡನ್ ರೂಲ್' ಅಂತಲೇ ಕರೆಯುತ್ತಾರೆ. ಅದರ ಪ್ರಕಾರ ಕೆಲವು ಕಡೆ ಕೋರ್ಸ್ ಅಲ್ಲ, ಪದ ಎಣಿಸುತ್ತಾರೆ. ಯೂನಿವರ್ಸಿಟಿ ಆಫ್ ಫ್ಲೋರಿಡಾದಲ್ಲಿ ಒಟ್ಟು 24,000 ಪದ ಬರೆದಿರಬೇಕು. ಒಂದು ಕೋರ್ಸ್‌ಗೆ 2,000, 4,000 ಇಲ್ಲವೇ 6,000 ಪದದ ಲೆಕ್ಕ ಸಿಗುತ್ತದೆ. ಅಂದರೆ 6,000ದ ನಾಲ್ಕು ಕೋರ್ಸ್ ತಗೊಂಡರೆ ಮುಗಿಯಿತು. 2,000ದ್ದು ಆರಿಸುತ್ತಾ ಹೋದರೆ ಹನ್ನೆರಡು. ಇಲ್ಲಿ 'ಕಮ್ಮಿ ಬರೆಯೋ ಕೋರ್ಸ್ ಸುಲಭ' ಅನ್ನುವ ಲೆಕ್ಕ ಉಲ್ಟಾ ಹೊಡೆಯುತ್ತದೆ.

ಹುಡುಕಬೇಕಾದದ್ದು ಎರಡು ಕಡೆ. ಒಂದು, ನೀವು ಸೇರಿದ ವರ್ಷದ ಕ್ಯಾಟಲಾಗ್, ಅಂದರೆ ಕಾಲೇಜಿನ ಕೋರ್ಸ್, ನಿಯಮಗಳ ಪುಸ್ತಕ. ನಿಯಮ ಆಮೇಲೆ ಬದಲಾದರೂ ಸಾಮಾನ್ಯವಾಗಿ ನೀವು ಸೇರಿದ ವರ್ಷದ್ದೇ ನಿಮಗೆ ನಡೆಯುತ್ತದೆ. ಇನ್ನೊಂದು, ಕಾಲೇಜಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲೇ ಇರುವ ಡಿಗ್ರಿ ಆಡಿಟ್. ಏನು ಮುಗಿದಿದೆ, ಏನು ಬಾಕಿ ಇದೆ ಅಂತ ಅದು ನೇರವಾಗಿ ತೋರಿಸುತ್ತದೆ.

ನೋಡುವಾಗ ಮೂರು ವಿಷಯ ಬರೆದಿಟ್ಟುಕೊಳ್ಳಿ. ಕನಿಷ್ಠ ಗ್ರೇಡ್ ಎಷ್ಟು? ಯುಸಿಎಲ್‌ಎ, ಅರಿಜೋನಾ ಸ್ಟೇಟ್ ಥರದ ಕಡೆ 'ಸಿ' ಬರಲೇಬೇಕು, ಅದಕ್ಕಿಂತ ಕಮ್ಮಿ ಬಂದರೆ ಮತ್ತೆ ಕೂರಬೇಕು. ಗ್ರೇಡ್ ಇಲ್ಲದೆ ಬರೀ ಪಾಸ್-ಫೇಲ್ ಅಂತ ತಗೋಬಹುದಾ? ಎಷ್ಟೋ ಕಡೆ ಈ ಕೋರ್ಸಿಗೆ ಅದು ನಡೆಯುವುದಿಲ್ಲ. ಇಷ್ಟರೊಳಗೆ ಮುಗಿಸಬೇಕು ಅನ್ನುವ ಗಡುವೂ ಇರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೊದಲ ಭಾಗ ಎರಡನೇ ಸೆಮಿಸ್ಟರ್ ಒಳಗೆ, ಎರಡನೇ ಭಾಗ ನಾಲ್ಕನೇ ಸೆಮಿಸ್ಟರ್ ಒಳಗೆ ಅಂತ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜು ಹೇಳುತ್ತದೆ.

ಈಗಾಗಲೇ ಕೈಯಲ್ಲಿ ಏನಿದೆ?

ಇಲ್ಲಿ ಊರಿನಿಂದ ಹೋದವರಿಗೆ ಹೇಳುವ ಮಾತು ಒಂದು ಸಾಲಿನದ್ದು. ಟೋಫೆಲ್, ಐಇಎಲ್‌ಟಿಎಸ್ ಅಂಕ ಎಷ್ಟೇ ಚೆನ್ನಾಗಿರಲಿ, ಅದು ಒಳಗೆ ಬರಲು ಟಿಕೆಟ್ ಅಷ್ಟೇ. ರೈಟಿಂಗ್ ಕೋರ್ಸ್‌ಗೆ ಬದಲಿ ಅಲ್ಲ.

ಅಮೆರಿಕದಲ್ಲೇ ಹೈಸ್ಕೂಲು ಓದಿದ ನಮ್ಮವರ ಮಕ್ಕಳ ಪರಿಸ್ಥಿತಿ ಬೇರೆ. ಅವರ ಹತ್ತಿರ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಇಂಗ್ಲಿಷ್ ಅಂಕ ಇರುತ್ತದೆ. ಆದರೆ ಅಂಕ ಒಂದೇ ಆದರೂ ಬೆಲೆ ಬೇರೆ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಪಿ ಇಂಗ್ಲಿಷ್‌ನಲ್ಲಿ 3 ಬಂದರೆ ಎಂಟ್ರಿ ಲೆವೆಲ್ ರೈಟಿಂಗ್ ಅನ್ನುವ ಹೊಸ್ತಿಲು ದಾಟಿದಂತೆ. ಅಷ್ಟಕ್ಕೇ ಕ್ಯಾಂಪಸ್‌ನ ಮುಖ್ಯ ರೈಟಿಂಗ್ ಕೋರ್ಸ್ ಮುಗಿಯುವುದಿಲ್ಲ. ಹೊಸ್ತಿಲು ದಾಟಿದ್ದೇ ಮನೆ ಸೇರಿದ ಹಾಗೆ ಅಂದುಕೊಂಡು ಮೂರನೇ ವರ್ಷದಲ್ಲಿ ತಲೆ ಮೇಲೆ ಕೈ ಹೊತ್ತ ಹುಡುಗಿಯೊಬ್ಬಳು ನನ್ನ ಟೇಬಲ್‌ಗೇ ಬಂದಿದ್ದಳು.

ಮುಂದೆ ಮೆಡಿಕಲ್ ಅಂತ ಯೋಚನೆ ಇದ್ದರೆ ಇನ್ನೊಂದು ಎಚ್ಚರ. ಎಷ್ಟೋ ಮೆಡಿಕಲ್ ಸ್ಕೂಲ್‌ಗಳು ಇಂಗ್ಲಿಷ್‌ಗೆ ಎಪಿ ಕ್ರೆಡಿಟ್ ಒಪ್ಪುವುದಿಲ್ಲ, ಕಾಲೇಜಿನಲ್ಲೇ ಕೂತು ಬರೆದಿರಬೇಕು ಅನ್ನುತ್ತವೆ. ಅಂಥವರು ಎಪಿ ಇದ್ದರೂ ಒಂದು ರೈಟಿಂಗ್ ಕೋರ್ಸ್ ತಗೊಳ್ಳುವುದು ವಾಸಿ.

ಒಂದೇ ಮನೆಗೆ ನಾಲ್ಕು ಬಾಗಿಲು

ಈಗ ಅಸಲಿ ಆಯ್ಕೆ. ಹೆಚ್ಚಿನ ದೊಡ್ಡ ಕಾಲೇಜುಗಳಲ್ಲಿ ಒಂದೇ ಅಗತ್ಯವನ್ನು ಪೂರೈಸುವ ಹಲವು ಕೋರ್ಸ್ ಇರುತ್ತವೆ. ಡಿಗ್ರಿ ಆಡಿಟ್‌ಗೆ ಎಲ್ಲವೂ ಒಂದೇ. ಕೂತು ಮಾಡುವವರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಅರ್ಬಾನಾ-ಶಾಂಪೇನ್‌ನಲ್ಲಿ ಹೆಚ್ಚಿನವರು ಹೋಗುವುದು ರೆಟರಿಕ್ 105ಕ್ಕೆ. ಒಂದು ಸೆಮಿಸ್ಟರ್, ಮುಗಿಯಿತು. ಅದರ ಬದಲು ಕಮ್ಯುನಿಕೇಷನ್ ವಿಭಾಗದ 111 ಮತ್ತು 112 ಅನ್ನುವ ಜೋಡಿ ತಗೋಬಹುದು. ಎರಡು ಸೆಮಿಸ್ಟರ್ ಎಳೆಯುತ್ತದೆ, ಆದರೆ ಅದರಲ್ಲಿ ಭಾಷಣವನ್ನೂ ಕಲಿಸುತ್ತಾರೆ. ನಿಂತು ಮಾತಾಡುವ ಭಯ ಇರುವವರಿಗೆ, ಅಥವಾ ಮಾತಾಡಿ ಮಾತಾಡಿಯೇ ಯೋಚನೆ ಸ್ಪಷ್ಟ ಮಾಡಿಕೊಳ್ಳುವವರಿಗೆ ಇದೇ ಒಳ್ಳೆಯದು. ಹೊರದೇಶದಿಂದ ಬಂದವರಿಗೆ ಪ್ಲೇಸ್‌ಮೆಂಟ್ (ಯಾವ ಮಟ್ಟಕ್ಕೆ ಸೇರಬೇಕು ಅನ್ನುವ ಪರೀಕ್ಷೆ) ನೋಡಿ ಇಎಸ್‌ಎಲ್, ಅಂದರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರ ಕೋರ್ಸ್‌ಗಳ ದಾರಿಯೂ ಇದೆ. ಅದೂ ಇದೇ ಅಗತ್ಯವನ್ನು ಪೂರೈಸುತ್ತದೆ.

ಪರ್ಡ್ಯೂನಲ್ಲಿ ಇಂಗ್ಲಿಷ್ 106 ಹಳೆಯ ಹೆದ್ದಾರಿ. 108 ಸ್ವಲ್ಪ ವೇಗದ್ದು. ಕಾರ್ನರ್‌ಸ್ಟೋನ್ ಅನ್ನುವ ಕಾರ್ಯಕ್ರಮದ 101 ಅಂತ ಇನ್ನೊಂದಿದೆ. ಅಲ್ಲಿ ದೊಡ್ಡ ದೊಡ್ಡ ಗ್ರಂಥಗಳನ್ನು ಓದಿ ಅದರ ಮೇಲೆ ಬರೆಯಬೇಕು. ಸಾಹಿತ್ಯ, ತತ್ವಶಾಸ್ತ್ರ ಓದಲು ಖುಷಿಪಡುವವರಿಗೆ ಹಬ್ಬ. ಇಂಗ್ಲಿಷಿನಲ್ಲಿ ನಿಧಾನವಾಗಿ ಓದುವವರಿಗೆ ಮಾತ್ರ ಪ್ರತಿ ವಾರ ಓದು ಮುಗಿಯದೆ ಬರಹಕ್ಕೆ ಟೈಮ್ ಉಳಿಯುವುದಿಲ್ಲ.

ಸಿಯಾಟಲ್‌ನಲ್ಲಿ ಇಂಗ್ಲಿಷ್ 131 ಸಾಮಾನ್ಯ ಕಾಂಪೋಸಿಷನ್, 111 ಸಾಹಿತ್ಯ ಓದಿ ಬರೆಯುವುದು, 121 ಸಾಮಾಜಿಕ ವಿಷಯಗಳ ಮೇಲೆ ಬರೆಯುವುದು. ಇಷ್ಟೇ ಅಲ್ಲ, ಬೇರೆ ವಿಭಾಗದ ದೊಡ್ಡ ತರಗತಿಯೊಂದಕ್ಕೆ ಜೋಡಿಸಿದ ರೈಟಿಂಗ್ ಕೋರ್ಸ್‌ಗಳೂ ಇವೆ. ಅಲ್ಲಿ ಕೇಳಿದ ಪಾಠದ ಮೇಲೇ ಇಲ್ಲಿ ಬರೆಯುತ್ತೀರಿ. ಬರೆಯಲು ಏನಿದೆ ಅಂತ ತಡಕಾಡುವ ಕಷ್ಟ ತಪ್ಪುತ್ತದೆ. ನನ್ನ ಲೆಕ್ಕದಲ್ಲಿ ವಿಜ್ಞಾನದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಇಲ್ಲ.

ಅರಿಜೋನಾ ಸ್ಟೇಟ್‌ನಲ್ಲಿ ಇಂಗ್ಲಿಷ್ 101, 102 ಒಂದು ಜೋಡಿ. 107, 108 ಇನ್ನೊಂದು ಜೋಡಿ, ಅದು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ. ಎರಡಕ್ಕೂ ಬೆಲೆ ಒಂದೇ. ಇಂಥ ಸೆಕ್ಷನ್ ಅಂದ ಕೂಡಲೇ ನಮ್ಮವರ ಮುಖ ಚಿಕ್ಕದಾಗುತ್ತದೆ. "ನಾನು ನರ್ಸರಿಯಿಂದ ಇಂಗ್ಲಿಷ್ ಮೀಡಿಯಂ, ಅಲ್ಲಿ ಯಾಕೆ ಹೋಗಲಿ?" ಅನ್ನುತ್ತಾರೆ. ಮರ್ಯಾದೆಯ ಪ್ರಶ್ನೆ ಬದಿಗಿಡಿ. ಅಂಥ ತರಗತಿಯ ಮೇಷ್ಟ್ರಿಗೆ ಬೇರೆ ಭಾಷೆಯಿಂದ ಬಂದವರ ಬರಹ ಓದಿ ಅಭ್ಯಾಸ ಇರುತ್ತದೆ. 'ಎ' ಹಾಕಬೇಕಾದ ಕಡೆ 'ದಿ' ಹಾಕಿದ್ದಕ್ಕೆ ಅವರು ಇಡೀ ಪೇಪರ್ ಪಕ್ಕಕ್ಕೆ ಇಡುವುದಿಲ್ಲ, ನೀವು ಹೇಳಲು ಹೊರಟಿದ್ದೇನು ಅಂತ ನೋಡುತ್ತಾರೆ. ಬೇರೆ ದೇಶದಿಂದ ಬಂದವರೇ ತರಗತಿಯಲ್ಲಿ ಜಾಸ್ತಿ ಇರುವುದರಿಂದ ಸಂಕೋಚವೂ ಬೇಗ ಬಿಡುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ ಆ ಅಂಕಿ ನೋಡಿ ಯಾವ ಕಂಪನಿಯೂ ಕೆಲಸ ಇಲ್ಲ ಅಂದಿದ್ದನ್ನು ನಾನು ಕಂಡಿಲ್ಲ.

ಒಂದು ವಿಷಯ ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ. ಆ ಇಎಸ್‌ಎಲ್ ಕೋರ್ಸ್ ರೈಟಿಂಗ್ ಅಗತ್ಯವನ್ನೇ ಪೂರೈಸುತ್ತದೆಯೋ, ಅಥವಾ ಅದರ ಮುಂಚಿನ ತಯಾರಿ ಕೋರ್ಸೋ? ಎರಡೂ ಬಗೆ ಇವೆ. ತಯಾರಿ ಕೋರ್ಸ್ ಆದರೆ ಒಂದು ಸೆಮಿಸ್ಟರ್‌ನ ದುಡ್ಡು ಜಾಸ್ತಿ.

ಸಿಲಬಸ್ ಓದುವ ಬಗೆ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಟೈಮ್ ಇದ್ದರೆ ಇದನ್ನು ಓದಿ.

ನನ್ನ ಮೊದಲ ಪೇಪರ್‌ನ ಕಥೆ ಹೇಳುತ್ತೇನೆ. ಒಂದು ಜಾಹೀರಾತನ್ನು ನೋಡಿ, ಅದು ನೋಡುಗರನ್ನು ಹೇಗೆ ಒಪ್ಪಿಸುತ್ತದೆ ಅಂತ ಐದು ಪುಟ ಬರೆಯಬೇಕಿತ್ತು. ನಾನು ಶಾಲೆಯಲ್ಲಿ ಗಾದೆ ವಿಸ್ತರಣೆಯಲ್ಲಿ ಪಳಗಿದವಳು. ಯಾವ ಗಾದೆ ಕೊಟ್ಟರೂ 'ಗಾದೆಗಳು ವೇದಗಳಿಗೆ ಸಮಾನ' ಅಂತ ಶುರು ಮಾಡಿದರೆ ಒಂದು ಅಂಕ ಗ್ಯಾರಂಟಿ, ಅಲ್ವಾ? ಅದೇ ಧಾಟಿಯಲ್ಲಿ ಮನುಷ್ಯನ ನಾಗರಿಕತೆ ಶುರುವಾದಾಗಿನಿಂದ ಜಾಹೀರಾತು ಇದೆ ಅಂತ ಇಂಗ್ಲಿಷಿನಲ್ಲಿ ಪೀಠಿಕೆ ಹಾಕಿದೆ. ಆಮೇಲೆ ವಿಷಯ ನಿರೂಪಣೆ, ಕೊನೆಗೆ ಉಪಸಂಹಾರ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಪೇಪರ್ ವಾಪಸ್ ಬಂದಾಗ ಪೀಠಿಕೆಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಎರಡು ಪದ. ಕನ್ನಡದಲ್ಲಿ ಹೇಳುವುದಾದರೆ, 'ಅದಕ್ಕೇನೀಗ?' ಮೂರನೇ ಪುಟದಲ್ಲಿ ಇನ್ನೊಂದು ಸಲ ಅದೇ. ಕೆಳಗೆ 'ಸಿ'.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ. ಅಲ್ಲಿ ಪ್ರಬಂಧ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ದನ್ನೆಲ್ಲ ಒಪ್ಪಿಸುವುದು ಅದಲ್ಲ. ಒಂದು ವಾದ ಹೂಡಿ, ಪುರಾವೆ ಕೊಟ್ಟು, ಎದುರಾಳಿ ಏನು ಹೇಳಬಹುದು ಅಂತ ಯೋಚಿಸಿ ನಿಲ್ಲಿಸುವುದು. ಈ ವ್ಯತ್ಯಾಸ ಪಾಠ ಕೇಳಿ ಗೊತ್ತಾಗುವುದಿಲ್ಲ. ನಿಮ್ಮ ಕಚ್ಚಾ ಬರಹವನ್ನು ಯಾರಾದರೂ ಓದಿ ತೋರಿಸಿದರೆ ಗೊತ್ತಾಗುತ್ತದೆ. ಹಾಗಾಗಿ ಕೋರ್ಸ್ ಆರಿಸುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಗ್ರೇಡ್ ಹಾಕುವ ಮುಂಚೆ ನನ್ನ ಡ್ರಾಫ್ಟನ್ನು ಮೇಷ್ಟ್ರು ಎಷ್ಟು ಸಲ ಓದುತ್ತಾರೆ?

ಚಿಕ್ಕಮ್ಮನ ಮಗ ಎರಡು ಸಿಲಬಸ್ ಕಳಿಸಿದ. ಒಂದೇ ಕೋರ್ಸ್, ಒಂದೇ ಅಂಕಿ, ಮೇಷ್ಟ್ರು ಬೇರೆ. ಮೊದಲನೆಯದರಲ್ಲಿ ನಾಲ್ಕು ಪೇಪರ್, ಒಂದೊಂದಕ್ಕೂ ಶೇಕಡಾ 25. ಇನ್ನೊಂದರಲ್ಲಿ ಕೊನೆಯ ಪೋರ್ಟ್‌ಫೋಲಿಯೋಗೆ (ತಿದ್ದಿ ಒಟ್ಟು ಮಾಡಿದ ಬರಹಗಳ ಕಟ್ಟಿಗೆ) ಶೇಕಡಾ 40, ಡ್ರಾಫ್ಟ್‌ಗಳಿಗೆ 20, ವಾರದ ಸಣ್ಣ ಬರಹಗಳಿಗೆ 20, ಸಹಪಾಠಿಗಳ ಬರಹ ಓದಿ ಅಭಿಪ್ರಾಯ ಬರೆಯುವುದಕ್ಕೆ 10, ಮೇಷ್ಟ್ರ ಜೊತೆ ಮೂರು ಸಲ ಕೂತು ಮಾತಾಡುವುದಕ್ಕೆ 10.

"ಅಕ್ಕ, ಮೊದಲನೇದರಲ್ಲಿ ನಾಲ್ಕೇ ಕೆಲಸ. ಇದರಲ್ಲಿ ಕೆಲಸ ಮುಗಿಯೋದೇ ಇಲ್ವಲ್ಲ?"

"ಮೊದಲನೇದರಲ್ಲಿ ಫಸ್ಟ್ ಪೇಪರ್ ಯಾವ ವಾರ?"

"ನಾಲ್ಕನೇ ವಾರ."

"ಮೇಷ್ಟ್ರಿಗೆ ಏನು ಬೇಕು ಅಂತ ಆ ಹೊತ್ತಿಗೆ ನಿನಗೆ ಗೊತ್ತಿರುತ್ತಾ?"

"ಇಲ್ಲ."

"ಗೊತ್ತಾಗೋ ಹೊತ್ತಿಗೆ ಇಪ್ಪತ್ತೈದು ಪರ್ಸೆಂಟ್ ಹೋಗಿರುತ್ತೆ ಕಣೋ."

ಎರಡನೆಯದರಲ್ಲಿ ಕೆಲಸ ಜಾಸ್ತಿ, ನಿಜ. ಆದರೆ ಆರನೇ ವಾರದೊಳಗೆ ಮೇಷ್ಟ್ರು ಅವನ ಬರಹವನ್ನು ನಾಲ್ಕು ಸಲ ಓದಿರುತ್ತಾರೆ. ಪೆಟ್ಟು ಬಿದ್ದರೂ ಚಿಕ್ಕದು. ಡ್ರಾಫ್ಟ್‌ಗೆ ಸಿಗುವ ಆ 20 ಅಂಕ ಬಹುಮಟ್ಟಿಗೆ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಕ್ಕೇ ಸಿಗುತ್ತದೆ. ಈಗೀಗ ಕೆಲವರು ಗ್ರೇಡಿಂಗ್ ಕಾಂಟ್ರ್ಯಾಕ್ಟ್ ಅಂತ ಮಾಡುತ್ತಾರೆ: ಇಷ್ಟು ಕೆಲಸ ಮನಸ್ಸಿಟ್ಟು ಮಾಡಿದರೆ ಈ ಗ್ರೇಡ್ ಅಂತ ಮೊದಲೇ ಕರಾರು. ಬರವಣಿಗೆಯ ಭಯ ಇರುವವರು ಅಂಥದ್ದು ಕಂಡರೆ ಬಿಡಬೇಡಿ.

ಇನ್ನು ಸಿಲಬಸ್‌ನಲ್ಲಿ ಎಲ್ಲಿ ಕಣ್ಣು ಹಾಯಿಸಬೇಕು? ತಡವಾಗಿ ಕೊಟ್ಟರೆ ಎಷ್ಟು ಕಡಿತ, ಎಷ್ಟು ಗೈರುಹಾಜರಿಗೆ ಗ್ರೇಡ್ ಇಳಿಯುತ್ತದೆ ಅಂತ ನೋಡಿ. ರೈಟಿಂಗ್ ತರಗತಿಗಳು ಹಾಜರಿ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಐ ಬಗ್ಗೆ ಏನು ಬರೆದಿದ್ದಾರೆ ಅಂತ ಎರಡು ಸಲ ಓದಿ. ಒಬ್ಬರು ಪೂರ್ತಿ ನಿಷೇಧ ಅನ್ನುತ್ತಾರೆ, ಇನ್ನೊಬ್ಬರು ಬಳಸಿದರೆ ಹೇಳಿ ಅನ್ನುತ್ತಾರೆ. ಪಕ್ಕದ ಸೆಕ್ಷನ್‌ನ ನಿಯಮ ನಿಮ್ಮ ಸೆಕ್ಷನ್‌ಗೆ ನಡೆಯುವುದಿಲ್ಲ. ನಕಲಿನ ನಿಯಮವೂ ಹಾಗೇ. ನೋಟ್ಸ್‌ನಲ್ಲಿದ್ದ ವಾಕ್ಯವನ್ನು ಹಾಗೇ ಇಳಿಸಿದರೆ ಇಲ್ಲಿ ಅಂಕ ಬರುತ್ತಿತ್ತು, ಅಲ್ಲಿ ಶಿಸ್ತು ಸಮಿತಿಯಿಂದ ಪತ್ರ ಬರುತ್ತದೆ.

ತರಗತಿಯಲ್ಲಿ ಎಷ್ಟು ಜನ ಅನ್ನುವುದೂ ಮುಖ್ಯ. ಕಾಲೇಜು ಬರವಣಿಗೆ ಕಲಿಸುವವರ ದೊಡ್ಡ ಸಂಘಟನೆಯೊಂದು ಅಲ್ಲಿದೆ, ಕಾನ್ಫರೆನ್ಸ್ ಆನ್ ಕಾಲೇಜ್ ಕಾಂಪೋಸಿಷನ್ ಅಂಡ್ ಕಮ್ಯುನಿಕೇಷನ್ ಅಂತ. 20ಕ್ಕಿಂತ ಜಾಸ್ತಿ ಬೇಡ, 15 ಇದ್ದರೆ ಒಳ್ಳೆಯದು ಅಂತ ಅದರ ಸಲಹೆ. ರಿಜಿಸ್ಟ್ರೇಷನ್ ಪುಟದಲ್ಲಿ ಸೀಟಿನ ಸಂಖ್ಯೆ ಕಾಣುತ್ತದೆ. 27 ಅಂತ ಇದ್ದರೆ ಅಷ್ಟು ಡ್ರಾಫ್ಟ್ ಓದಲು ಮೇಷ್ಟ್ರಿಗೆ ಎಲ್ಲಿಂದ ಹೊತ್ತು ಬರಬೇಕು ಯೋಚಿಸಿ.

ಸಿಲಬಸ್ ಎಲ್ಲಿ ಸಿಗುತ್ತದೆ? ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳು ಡಿಗ್ರಿ ಕೋರ್ಸ್‌ಗಳ ಸಿಲಬಸ್‌ಗಳನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂತ 2009ರಲ್ಲಿ ಕಾನೂನೇ ಆಗಿದೆ. ಬೇರೆ ಕಡೆ ವಿಭಾಗದ ಪುಟದಲ್ಲಿ ಹಳೆಯ ಸೆಮಿಸ್ಟರ್‌ನದ್ದು ಸಿಗುತ್ತದೆ. ಸಿಗದಿದ್ದರೆ ಮೇಷ್ಟ್ರಿಗೇ ಒಂದು ಮೇಲ್ ಹಾಕಿ. ನಾಲ್ಕು ಸಾಲು ಸಾಕು: ನಾನು ಹೊಸ ವಿದ್ಯಾರ್ಥಿ, ನಿಮ್ಮ ಸೆಕ್ಷನ್ ತಗೊಳ್ಳುವ ಯೋಚನೆ ಇದೆ, ಹಿಂದಿನ ಸಿಲಬಸ್ ನೋಡಬಹುದೇ, ಧನ್ಯವಾದ. 'ಡಿಯರ್ ಪ್ರೊಫೆಸರ್' ಅಂತ ಹಾಕಿ ಮುಂದೆ ಅವರ ಸರ್‌ನೇಮ್. 'ರೆಸ್ಪೆಕ್ಟೆಡ್ ಸರ್' ಬೇಡ, 'ಕೈಂಡ್ಲಿ ಡು ದಿ ನೀಡ್‌ಫುಲ್' ಅಂತೂ ಬೇಡವೇ ಬೇಡ. ಆ ಮೇಲ್‌ಗೆ ಹೇಗೆ ಉತ್ತರ ಬರುತ್ತದೆ ಅನ್ನುವುದೂ ಒಂದು ಸುಳಿವು.

ಮೇಷ್ಟ್ರಿಗೆ ಸ್ಟಾರ್ ಕೊಡುವ ವೆಬ್‌ಸೈಟುಗಳನ್ನು ನೋಡಬೇಡಿ ಅಂದರೂ ನೋಡುತ್ತೀರಿ. ನೋಡಿ. ಆದರೆ 'ಕಷ್ಟ', 'ಸುಲಭ' ಅನ್ನುವ ಮಾತು ಬಿಟ್ಟು, ಡ್ರಾಫ್ಟ್ ಬೇಗ ವಾಪಸ್ ಕೊಡುತ್ತಾರಾ, ಆಫೀಸ್ ಅವರ್‌ನಲ್ಲಿ (ವಿದ್ಯಾರ್ಥಿಗಳ ಭೇಟಿಗೆ ಇಟ್ಟ ಹೊತ್ತಿನಲ್ಲಿ) ಸಿಗುತ್ತಾರಾ ಅನ್ನುವುದನ್ನಷ್ಟೇ ಹೆಕ್ಕಿಕೊಳ್ಳಿ.

'ನಮ್ಮ ವಿಷಯ' ಅನ್ನುವ ಬಲೆ

ಎಷ್ಟೋ ಕಾಲೇಜಿನಲ್ಲಿ ರೈಟಿಂಗ್ ಕೋರ್ಸ್‌ಗೆ ಒಂದು ವಿಷಯ ಇರುತ್ತದೆ. ಕಾರ್ನೆಲ್‌ನಲ್ಲಿ ಮೊದಲ ವರ್ಷದ ಸೆಮಿನಾರ್‌ಗಳಿಗೆ ಬೇಕಾದ ಐದನ್ನು ಕ್ರಮವಾಗಿ ಬರೆದು ಮತಪತ್ರದ ಥರ ಸಲ್ಲಿಸಬೇಕು. ಬರ್ಕ್ಲಿಯಲ್ಲಿ ಇಂಗ್ಲಿಷ್, ರೆಟರಿಕ್, ಸಿನಿಮಾ ಹೀಗೆ ಬೇರೆ ಬೇರೆ ವಿಭಾಗಗಳು ತಮ್ಮ ತಮ್ಮ ರೀಡಿಂಗ್ ಅಂಡ್ ಕಾಂಪೋಸಿಷನ್ ಕೋರ್ಸ್ ನಡೆಸುತ್ತವೆ. ಅಲ್ಲಿನ ದಕ್ಷಿಣ ಮತ್ತು ಆಗ್ನೇಯ ಏಷ್ಯಾ ವಿಭಾಗದ ಆರ್5ಎ ಅನ್ನುವ ಕೋರ್ಸ್‌ನ ಹೆಸರು 'ಭಾರತದ ಮಹಾಗ್ರಂಥಗಳು' ಅನ್ನುವ ಅರ್ಥದ್ದು. ನಮ್ಮ ಹುಡುಗರಿಗೆ ಇದು ಕಂಡ ಕೂಡಲೇ ಬಾಯಲ್ಲಿ ನೀರು. ಅಜ್ಜಿ ಹೇಳಿದ ಕಥೆ, ಟೀವಿಯಲ್ಲಿ ನೋಡಿದ ಕಥೆ, ಓದೋದೇ ಬೇಡ!

ಅಲ್ಲೇ ಜಾರುವುದು. ಇಂಥ ತರಗತಿಯಲ್ಲಿ ಕೇಳುವುದು ಕಥೆ ಅಲ್ಲ. ಮುಂದೆ ಇರುವ ಇಂಗ್ಲಿಷ್ ಅನುವಾದದ ಈ ಇಪ್ಪತ್ತು ಸಾಲಿನಲ್ಲಿ ಏನು ನಡೆಯುತ್ತಿದೆ, ಈ ಪದ ಯಾಕೆ, ಇಲ್ಲಿ ಮಾತಾಡದೆ ಇರುವವರು ಯಾರು ಅಂತ ಕೇಳುತ್ತಾರೆ. ಕಥೆ ಗೊತ್ತಿಲ್ಲದ ಸಹಪಾಠಿ ಪುಟವನ್ನೇ ನೋಡಿ ಬರೆಯುತ್ತಾನೆ. ಗೊತ್ತಿರುವ ನಾವು ಪುಟ ಮುಚ್ಚಿ ಹರಿಕಥೆ ಶುರು ಮಾಡುತ್ತೇವೆ. ರೈಟಿಂಗ್ ಸೆಂಟರ್‌ನಲ್ಲಿ ಇಂಥ ಪೇಪರ್‌ಗಳನ್ನು ನಾನು ಎಷ್ಟು ನೋಡಿದ್ದೇನೋ. ಅರ್ಧ ಪೇಪರ್ ಸಾರಾಂಶವೇ ಇರುತ್ತಿತ್ತು.

ಹಾಗಂತ ಬೇಡ ಅನ್ನುತ್ತಿಲ್ಲ. ಗೊತ್ತಿದ್ದದ್ದನ್ನು ಮರೆತು ಹೊಸದಾಗಿ ಓದುವ ತಾಳ್ಮೆ ಇದ್ದರೆ ಹೋಗಿ. ಇಲ್ಲದಿದ್ದರೆ ನಿಮಗೆ ಕುತೂಹಲ ಇರುವ ಆದರೆ ಪೂರ್ತಿ ಗೊತ್ತಿಲ್ಲದ ವಿಷಯ ಆರಿಸಿ. ಹದಿನೈದು ವಾರ ಅದರ ಬಗ್ಗೆಯೇ ಬರೆಯಬೇಕು ಅನ್ನುವುದು ನೆನಪಿರಲಿ. ಊಟ, ಕ್ರೀಡೆ, ಊರು, ವೈದ್ಯ, ಸಂಗೀತ ಹೀಗೆ ಬಗೆಬಗೆಯವು ಇರುತ್ತವೆ.

ಯಾವ ಸೆಮಿಸ್ಟರ್, ಯಾವುದರ ಜೊತೆ

ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಹೊರಗಿನ ಕೆಲಸ. 3 ಕ್ರೆಡಿಟ್‌ನ ರೈಟಿಂಗ್ ಕೋರ್ಸ್ ಅಂದರೆ ವಾರಕ್ಕೆ 9 ಗಂಟೆ. ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್, ಕೆಮಿಸ್ಟ್ರಿ ಲ್ಯಾಬ್ ಎಲ್ಲ ತುಂಬಿಕೊಂಡು ಅದರ ಮೇಲೆ ಇದನ್ನೂ ಹೇರಿದರೆ ಡ್ರಾಫ್ಟ್ ಬರೆಯುವುದು ರಾತ್ರಿ ಎರಡು ಗಂಟೆಗೇ. ಹಾಗೆಂದು ಮೂರನೇ ವರ್ಷಕ್ಕೆ ತಳ್ಳಲೂಬೇಡಿ. ನನ್ನ ಸಲಹೆ: ಲ್ಯಾಬ್ ಕಮ್ಮಿ ಇರುವ ಸೆಮಿಸ್ಟರ್ ನೋಡಿ, ಮೊದಲ ವರ್ಷದೊಳಗೇ.

ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಮುಂದಿನ ಮೂರು ಮಾತು ಮರೆಯಬಾರದು. ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಆ 12ರ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್ ಕೋರ್ಸ್ ಒಂದೇ ಒಂದು, ಅಂದರೆ 3 ಕ್ರೆಡಿಟ್ ಮಾತ್ರ ಸೇರುತ್ತದೆ. ರೈಟಿಂಗ್ ಕೋರ್ಸ್ ಆನ್‌ಲೈನ್ ತಗೊಂಡು ಇನ್ನೊಂದೂ ಆನ್‌ಲೈನ್ ಆದರೆ ಲೆಕ್ಕ ತಪ್ಪಿತು. ಮೂರನೆಯದು, ಕೋರ್ಸ್ ಕಷ್ಟವಾಗಿ ಬಿಡಬೇಕು ಅನ್ನಿಸಿದರೆ, ಬಿಟ್ಟ ಮೇಲೆ 12ಕ್ಕಿಂತ ಕೆಳಗೆ ಇಳಿಯುವುದಾದರೆ, ಬಿಡುವ ಮುಂಚೆಯೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಡಿಎಸ್‌ಒ ಅನ್ನುವ ಅಧಿಕಾರಿಯ ಒಪ್ಪಿಗೆ ಬೇಕು. ಶುರುವಿನಲ್ಲಿ ಇಂಗ್ಲಿಷ್ ಅಥವಾ ಓದಿನ ಭಾರ ಕಷ್ಟವಾದರೆ, ಕೋರ್ಸಿನ ಮಟ್ಟ ತಪ್ಪಾಗಿ ಆರಿಸಿದ್ದರೆ, ಕ್ರೆಡಿಟ್ ಕಮ್ಮಿ ಮಾಡಲು ನಿಯಮದಲ್ಲೇ ಅವಕಾಶ ಇದೆ. ಆದರೆ ಒಂದು ಡಿಗ್ರಿಗೆ ಒಂದೇ ಸಲ. ಮೊದಲು ಕೇಳಿ, ಆಮೇಲೆ ಡ್ರಾಪ್ ಬಟನ್ ಒತ್ತಿ. ಈ ಕ್ರಮ ಉಲ್ಟಾ ಮಾಡಿದ ಗೆಳತಿಯೊಬ್ಬಳು ಒಂದು ವಾರ ನಿದ್ದೆ ಮಾಡಲಿಲ್ಲ.

ಪಕ್ಕದ ಕಮ್ಯುನಿಟಿ ಕಾಲೇಜು

ದುಡ್ಡಿನ ಲೆಕ್ಕ ಹಾಕುವವರಿಗೆ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜು ಚೆನ್ನಾಗಿ ಕಾಣುತ್ತದೆ. ಫೀಸು ಬಹಳ ಕಮ್ಮಿ. ಮೊದಲ ಸೆಮಿಸ್ಟರ್ ಅಲ್ಲದ ಬೇಸಿಗೆ ರಜೆಯಲ್ಲಿ ಎಫ್-1ನವರಿಗೆ ಆ 12 ಕ್ರೆಡಿಟ್‌ನ ಕಾಟವೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅಲ್ಲಿ ಮಾಡಿದ್ದು ನಿಮ್ಮ ಕಾಲೇಜಿನಲ್ಲಿ ನಡೆಯುತ್ತದೆ ಅಂತ ನಿಮ್ಮ ಅಡ್ವೈಸರ್ ಹತ್ತಿರ ಮೊದಲೇ ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಟೆಕ್ಸಸ್‌ನಲ್ಲಿ ಇಂಗ್ಲಿಷ್ 1301, 1302 ಅಂತ ರಾಜ್ಯವಿಡೀ ಗುರುತಿಸುವ ಸಾಮಾನ್ಯ ಅಂಕಿ ಇರುವುದರಿಂದ ಗೊಂದಲ ಕಮ್ಮಿ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಡಾಟ್ ಆರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ), ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ) ಕ್ಯಾಂಪಸ್‌ನಲ್ಲಿ ಯಾವುದಕ್ಕೆ ಸಮ ಅಂತ ನೋಡಬಹುದು. ಅಲ್ಲಿ ಬಹಳ ವರ್ಷ ಇಂಗ್ಲಿಷ್ 1ಎ ಅನ್ನುತ್ತಿದ್ದದ್ದಕ್ಕೆ 2025ರಿಂದ ಇಂಗ್ಲಿಷ್ ಸಿ1000 ಅಂತ ಹೊಸ ಅಂಕಿ ಬಂದಿದೆ. ಸೀನಿಯರ್ ಬಾಯಲ್ಲಿ ಹಳೆಯದೇ ಇರುತ್ತದೆ, ಗಾಬರಿ ಬೇಡ.

ಆದರೆ ಬೇಸಿಗೆ ಕೋರ್ಸ್ ಆರೋ ಎಂಟೋ ವಾರದಲ್ಲಿ ಓಡಿ ಮುಗಿಯುತ್ತದೆ. ಡ್ರಾಫ್ಟ್‌ನ ಮೇಲೆ ಯೋಚಿಸಲು ಹೊತ್ತೇ ಇರುವುದಿಲ್ಲ. ಈಗಾಗಲೇ ಚೆನ್ನಾಗಿ ಬರೆಯುವವರಿಗೆ ಸರಿ. ನನ್ನ ಥರ 'ನಾಗರಿಕತೆ ಶುರುವಾದಾಗಿನಿಂದ' ಅಂತ ಬರೆಯುವವರಿಗೆ ಅಲ್ಲ.

ಎರಡನೇ ಮೆಟ್ಟಿಲಿನ ಕೋರ್ಸ್

ಕೆಲವು ಕಡೆ ಮೊದಲ ರೈಟಿಂಗ್ ಕೋರ್ಸ್ ಆದ ಮೇಲೆ ಇನ್ನೊಂದು ಕೇಳುತ್ತಾರಲ್ಲ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮೇಜರ್‌ಗೆ ಬೇಕಾದ ಕೋರ್ಸೇ ಈ ಲೆಕ್ಕಕ್ಕೂ ಸೇರುತ್ತದಾ ನೋಡಿ. ಅರ್ಬಾನಾ-ಶಾಂಪೇನ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನವರು ವೃತ್ತಿ ನೀತಿಯ ಸಿಎಸ್ 211 ತಗೊಂಡರೆ ಅಡ್ವಾನ್ಸ್ಡ್ ಕಾಂಪೋಸಿಷನ್ ಕೂಡ ಮುಗಿಯುತ್ತದೆ. ಹಾಗೆ ಸಿಗದಿದ್ದರೆ ಟೆಕ್ನಿಕಲ್ ಅಥವಾ ಬಿಸಿನೆಸ್ ರೈಟಿಂಗ್. ಅಲ್ಲಿ ಬರೆಯುವ ರಿಪೋರ್ಟ್, ರೆಸ್ಯೂಮೆ, ಪ್ರಪೋಸಲ್ ಎಲ್ಲ ಇಂಟರ್ನ್‌ಶಿಪ್ ಹುಡುಕುವಾಗ ಹಾಗೇ ಕೆಲಸಕ್ಕೆ ಬರುತ್ತವೆ.

ರಿಜಿಸ್ಟ್ರೇಷನ್ ದಿನ ಮತ್ತು ಮೊದಲ ವಾರ

ಹೊಸಬರಿಗೆ ಸರದಿ ಕೊನೆಗೆ ಬರುತ್ತದೆ. ಒಂದೇ ಸೆಕ್ಷನ್ ನಂಬಿಕೊಂಡು ಕೂರಬೇಡಿ, ಮೂರು ಬರೆದಿಟ್ಟುಕೊಳ್ಳಿ. ಬೇಕಾದದ್ದು ತುಂಬಿದ್ದರೆ ವೇಯ್ಟ್‌ಲಿಸ್ಟ್‌ಗೆ ಹೆಸರು ಹಾಕಿ, ಇನ್ನೊಂದರಲ್ಲಿ ಸೀಟು ಹಿಡಿದಿಡಿ. ಮೊದಲ ವಾರದಲ್ಲಿ ಜನ ಅತ್ತಿತ್ತ ಹೋಗುತ್ತಾರೆ, ಸೀಟು ಖಾಲಿಯಾಗುತ್ತವೆ. ವೇಯ್ಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನ ತರಗತಿಗೆ ಹೋಗಿ ಕೂರಬಹುದಾ ಅಂತ ಮೇಷ್ಟ್ರನ್ನು ಕೇಳಿ. ಮೊದಲ ತರಗತಿಗೆ ಬಾರದವರ ಹೆಸರು ತೆಗೆದುಹಾಕುವ ರೂಢಿಯೂ ಕೆಲವು ಕಡೆ ಇದೆ.

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗುರುತು ಉಳಿಯದಂತೆ ಕೋರ್ಸ್ ಬದಲಿಸಲು ಒಂದು ಕೊನೆ ದಿನ ಇರುತ್ತದೆ. ಅದಕ್ಕೆ ಮೂರು ದಿನ ಮುಂಚೆ ಮೊಬೈಲಿನಲ್ಲಿ ಅಲಾರಂ ಇಡಿ. ಅಷ್ಟರೊಳಗೆ ಒಂದು ಸಣ್ಣ ಬರಹವಾದರೂ ಕೊಟ್ಟು, ಅದು ಹೇಗೆ ವಾಪಸ್ ಬರುತ್ತದೆ ಅಂತ ನೋಡಿ. ಬರೀ ಅಂಕ ಹಾಕಿ ಕೊಟ್ಟರೋ, ಪಕ್ಕದಲ್ಲಿ ಏನಾದರೂ ಬರೆದರೋ? ಬರೀ ಅಂಕ ಅಂದರೆ ಪಕ್ಕದ ಸೆಕ್ಷನ್‌ನಲ್ಲಿ ಸೀಟಿದೆಯಾ ನೋಡುವ ಹೊತ್ತು ಇನ್ನೂ ಇರುತ್ತದೆ.

ರೈಟಿಂಗ್ ಸೆಂಟರ್‌ನ ಅಪಾಯಿಂಟ್‌ಮೆಂಟ್ ಕೂಡ ಮೊದಲ ವಾರವೇ ಬುಕ್ ಮಾಡಿ. ಸಾಮಾನ್ಯವಾಗಿ ಪುಕ್ಕಟೆ. ಪರೀಕ್ಷೆ ಹತ್ತಿರ ಬಂದಾಗ ಸ್ಲಾಟ್ ಸಿಗುವುದಿಲ್ಲ. ಹೋಗುವಾಗ ಮೇಷ್ಟ್ರು ಕೊಟ್ಟ ಅಸೈನ್‌ಮೆಂಟ್ ಹಾಳೆ ತಗೊಂಡು ಹೋಗಿ. ಅದಿಲ್ಲದೆ ಬರೀ ಪೇಪರ್ ಹಿಡಿದು ಬಂದವರಿಗೆ ನಾವು ಮೊದಲ ಹತ್ತು ನಿಮಿಷ "ನಿಮಗೆ ಏನು ಬರೆಯಲು ಹೇಳಿದ್ದಾರೆ?" ಅಂತ ಕೇಳುವುದರಲ್ಲೇ ಕಳೆಯುತ್ತಿದ್ದೆವು.

ಚಿಕ್ಕಮ್ಮನ ಮಗ ಕೊನೆಗೆ ಆ ಎರಡನೇ ಸೆಕ್ಷನ್‌ಗೇ ಸೇರಿದ. ಸೆಪ್ಟೆಂಬರ್ ಮೂರನೇ ವಾರ ಅವನ ಮೊದಲ ಡ್ರಾಫ್ಟ್‌ನ ಫೋಟೋ ಕಳಿಸಿದ. ಅಂಚಿನ ತುಂಬ ಮೇಷ್ಟ್ರ ಕೈಬರಹ. ಎರಡನೇ ಪ್ಯಾರಾ ಪಕ್ಕದಲ್ಲಿ ನನಗೆ ಗುರುತಿದ್ದ ಅದೇ ಎರಡು ಪದ. ಕೆಳಗೆ ಅವನ ಮೆಸೇಜ್: "ಅಕ್ಕ, ನೀನು ಹೇಳಿದ ಪ್ರಶ್ನೆ ಬಂತು. ಫೈನಲ್ ಕೊಡೋಕೆ ಇನ್ನೂ ಹನ್ನೆರಡು ದಿನ ಇದೆ."